ರುಕ್ಕತ್ತೆ ಹೊರಗೆ ಕೂತ ದಿನಗಳು

ಎರಡು ಸಾವಿರದ ಎರಡನೇ ಇಸವಿಯಲ್ಲಿ, ಒಂಬತ್ತನೇ ತರಗತಿ ಅರ್ಧಕ್ಕೆ ಬಂದಾಗ, ನಾನು ಓದು ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ನಮ್ಮೂರು ಆದೋನಿಯ ಒಂದು ಮದುವೆ ಮನೆಯಲ್ಲಿ ಅಡಿಗೆಯವರು ಕೈಕೊಟ್ಟ ದಿನ ಸಾರು, ಹುಳಿ ಎರಡನ್ನೂ ನಾನೊಬ್ಬನೇ ಮಾಡಿ ಇಳಿಸಿದ್ದೆ. ಉಂಡವರು ಕೈ ತೊಳೆದುಕೊಂಡು, ಇದನ್ನು ಮಾಡಿದವರು ಯಾರು ಎಂದು ಒಲೆಯ ತನಕ ಬಂದು ನೋಡಿ ಹೋದರು. ಮರುದಿನದಿಂದ ಪುಸ್ತಕದ ಚೀಲ ಗೂಟದಿಂದ ಇಳಿಯಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಉರುಕುಂದದಿಂದ ನಾಗಲದಿನ್ನೆಯ ತನಕ ಎಲ್ಲಿ ಲಗ್ನವಾದರೂ ನನ್ನ ಸಾರಿನ ಮಾತು ಬರುತ್ತದೆ. ಎಲ್ಲಿ ಕಲಿತಿರಿ ಎಂದು ಕೇಳುವವರಿಗೆ ನಗು ಒಂದೇ ನನ್ನ ಉತ್ತರ. ಹೇಳಹೊರಟರೆ ಮಾತು ಉದ್ದವಾಗುತ್ತದೆ. ಕಾದ ತುಪ್ಪಕ್ಕೆ ಇಂಗು ಬಿದ್ದು ಅದರ ಘಮ ಮೂಗಿಗೇರಿದ ಕೂಡಲೇ ಮುಂದಿರುವ ದೊಡ್ಡ ಕೊಪ್ಪರಿಗೆ ಕಾಣದಾಗುತ್ತದೆ. ಕೋಟೆ ಗುಡ್ಡದ ಬುಡದಲ್ಲಿದ್ದ ನಮ್ಮ ಮನೆಯ ಅಡಿಗೆಮನೆ ಕಣ್ಣಿಗೆ ಕಟ್ಟುತ್ತದೆ. ಹೊಸ್ತಿಲ ಬಳಿ ಮಣೆಯ ಮೇಲೆ ಅಜ್ಜಿ. ಕಿಟಕಿಯಾಚೆ ಹಿತ್ತಲು. ಹಿತ್ತಲ ಕೊನೆಗೆ ಒಂದು ಕೋಣೆ, ಆ ಕೋಣೆಯಿಂದ ಹೆಂಗಸರ ನಗು.

ಆ ಮನೆಯಲ್ಲಿ ತಾತನ ಮಾತೇ ಮಾತು. ತಾತ ಪೌರೋಹಿತ್ಯ ಮಾಡುತ್ತಿದ್ದರು, ಊರಿಗೆಲ್ಲ ಪಂಚಾಂಗ ಹೇಳುತ್ತಿದ್ದರು, ಮಡಿಯಲ್ಲಿ ಕೂದಲೆಳೆಯಷ್ಟೂ ಬಿಡುತ್ತಿರಲಿಲ್ಲ. ಅಪ್ಪ ಮತ್ತು ಕಾಕಾ ಹತ್ತಿ ಗಿರಣಿಗಳಿಗೆ ಲೆಕ್ಕ ಬರೆಯಲು ಹೋಗಿ, ಸಂಜೆ ಅಂಗಿಯ ತುಂಬ ಅರಳೆ ಅಂಟಿಸಿಕೊಂಡು ಬರುತ್ತಿದ್ದರು. ಹತ್ತಿಯ ಸುಗ್ಗಿಯಲ್ಲಿ ಲಾರಿಗಳು ಬೀದಿಯಲ್ಲಿ ಸಾಲುಗಟ್ಟಿದರೆ ಗಾಳಿಗೆ ಅರಳೆ ಹಾರಿ ಬಂದು ನಮ್ಮ ತುಳಸಿಕಟ್ಟೆಯ ಮೇಲೆ, ನುಗ್ಗೆ ಮರದ ಟೊಂಗೆಗಳಲ್ಲಿ ಕೂರುತ್ತಿತ್ತು. ಹೆಂಗಸರು ಅಂದರೆ ಅಜ್ಜಿ, ನನ್ನ ಅಮ್ಮ, ಕಾಕಾನ ಹೆಂಡತಿ ಸುಧಾ ಕಾಕು, ಮತ್ತೆ ಅಪ್ಪನ ತಂಗಿ ರುಕ್ಮಿಣಿ, ನನ್ನ ರುಕ್ಕತ್ತೆ. ತಿಂಗಳಿಗೊಮ್ಮೆ ಅಜ್ಜಿಯನ್ನು ಬಿಟ್ಟು ಉಳಿದವರು ಸರದಿಯಂತೆ ಹೊರಗಾಗುತ್ತಿದ್ದರು. ಹೊರಗಾದವರು ಮೂರು ದಿನ ಹಿತ್ತಲ ಕೋಣೆಯಲ್ಲಿ ಕೂತು, ನಾಲ್ಕನೆಯ ದಿನ ಮಿಂದು ಒಳಗೆ ಬರಬೇಕು. ಅವರನ್ನು ಮುಟ್ಟಬಾರದು, ಅವರು ಪುಸ್ತಕ ಮುಟ್ಟಬಾರದು, ಅವರ ತಟ್ಟೆಗೆ ಅನ್ನವನ್ನು ಮೇಲಿನಿಂದ ಬೀಳಿಸಬೇಕು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಕೋಣೆ ಇದ್ದಿರಬಹುದು. ಅದನ್ನು ಹೊಗಳಲಿಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಬಂಡೆ ಹೊದೆಸಿದ ಮಾಡು ಬೇಸಿಗೆಯಲ್ಲಿ ಹಂಚಿನಂತೆ ಕಾಯುತ್ತಿತ್ತು. ಚಾಪೆ ಒಂದು, ಕಂಬಳಿ ಒಂದು. ಒಳಗಡೆ ಚಿಲಕ ಕೂಡ ಇರಲಿಲ್ಲ, ಹಳೆಯ ರುಬ್ಬುಗುಂಡನ್ನು ಉರುಳಿಸಿ ಬಾಗಿಲಿಗೆ ಒರಗಿಸಿಕೊಳ್ಳುತ್ತಿದ್ದರು. ಆದರೂ ನಮ್ಮ ಮನೆಯಲ್ಲಿ ಹೆಂಗಸರು ಬಾಯಿ ತುಂಬ ನಗುತ್ತಿದ್ದದ್ದು ಅಲ್ಲಿ ಮಾತ್ರ. ಅಲ್ಲಿ ಅವರಿಗೆ ಕೆಲಸವಿರಲಿಲ್ಲ. ಅಲ್ಲಿಗೆ ಗಂಡಸರು ಬರುತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಯಾರು ಯಾಕೆ ಎಷ್ಟು ದಿನ ಹೊರಗಿದ್ದಾರೆ ಎಂದು ಗಂಡಸರು ಕೇಳುವಂತೆಯೇ ಇರಲಿಲ್ಲ. ಕೇಳಿದರೆ ಅವರ ಮಾನ ಹೋಗುತ್ತಿತ್ತು.

ರುಕ್ಕತ್ತೆಯನ್ನು ರಾಯಚೂರಿಗೆ ಕೊಟ್ಟಿದ್ದರು. ಗಂಡ ಕೈ ಎತ್ತುವವನು. ಒಂದು ದೀಪಾವಳಿಗೆ ತವರಿಗೆ ಬಂದವಳು ಹೋಗಲಿಲ್ಲ. ಅವಳ ತೋಳಿನ ಮೇಲಿನ ಗುರುತನ್ನು ನಾನೂ ನೋಡಿದ್ದೇನೆ. ತಾತ ನೋಡಿದ್ದರೋ ಇಲ್ಲವೋ, "ಹೆಣ್ಣುಮಗಳು ಎಷ್ಟು ದಿನ ತವರಿನ್ಯಾಗ ಇರ್ಲಿಕ್ಕೆ ಬರ್ತದ? ಯುಗಾದಿ ಕಳೀಲಿ, ಅವರ ಕಡೆಯವರು ಬರ್ತಾರ, ಕಳಸಿಕೊಡೋಣ" ಎಂದು ಒಂದು ಸಂಜೆ ಹೇಳಿಬಿಟ್ಟರು. ಅತ್ತೆ ಒಂಬತ್ತನೆಯ ತರಗತಿ ಮುಗಿಸಿದವಳು, ಮೈನೆರೆದ ವರ್ಷವೇ ಶಾಲೆ ಬಿಡಿಸಿದ್ದರು. ನಮ್ಮ ಬೀದಿಯ ಟೀಚರಮ್ಮನೊಬ್ಬರು ಅವಳಿಗೆ ಗುಟ್ಟಾಗಿ ಹೇಳಿದ್ದರು: ಹತ್ತನೆಯದನ್ನು ಖಾಸಗಿಯಾಗಿ ಕಟ್ಟು, ಪಾಸಾದರೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಕೆಲಸ ಸಿಗುತ್ತದೆ, ಆಮೇಲೆ ನಿನ್ನನ್ನು ಎಲ್ಲಿಗೂ ಯಾರೂ ಕಳಿಸಲಾರರು. ಅತ್ತೆಗೆ ಬೇಕಾಗಿದ್ದದ್ದು ಅದೊಂದೇ. ಆದರೆ ತಾತನಿಗೆ ಗೊತ್ತಾದರೆ ಯುಗಾದಿಯ ತನಕವೂ ಕಾಯುವುದಿಲ್ಲ, ಮರುದಿನವೇ ರಾಯಚೂರಿನ ಬಸ್ಸು. ಬೆಳಿಗ್ಗೆಯಿಂದ ಮುಸುರೆಯ ತನಕ ದುಡಿಯುವವಳು ಆ ಮನೆಯಲ್ಲಿ ಪುಸ್ತಕ ತೆರೆಯುವುದು ಎಲ್ಲಿ, ಯಾವಾಗ?

ದಾರಿ ಕಂಡುಹಿಡಿದವಳು ಸುಧಾ ಕಾಕು. ಅತ್ತೆ ನಿಜವಾಗಿ ಹೊರಗಾದಾಗ ಪುಸ್ತಕ ಮುಟ್ಟುತ್ತಿರಲಿಲ್ಲ, ಅಷ್ಟು ಭಯ. ಇದ್ದಿಲು ಹಿಡಿದು ಕೋಣೆಯ ಸುಣ್ಣದ ಗೋಡೆಯ ಮೇಲೆ ಲೆಕ್ಕ ಮಾಡುತ್ತಿದ್ದಳು. ಗೋಡೆ ತುಂಬಿತು, ಲೆಕ್ಕ ಮುಗಿಯಲಿಲ್ಲ. ಆಗ ಕಾಕು ಶಾಸ್ತ್ರ ಹೇಳಿದಳಂತೆ: "ನಿಜವಾಗಿ ಹೊರಗಾದಾಗ ಪುಸ್ತಕ ಮುಟ್ಟಿದರ ಪಾಪ. ಸುಳ್ಳು ಹೊರಗಾದಾಗ ಮುಟ್ಟಿದರ ಯಾವ ಶಾಸ್ತ್ರದಾಗ ಏನದ? ಹೋಗಿ ಮಾವನೋರನ್ನ ಕೇಳಿ ಬರ್ರಿ." ಕೇಳಲು ಯಾರು ಹೋಗುತ್ತಾರೆ? ಅಂದಿನಿಂದ ರುಕ್ಕತ್ತೆ ತಿಂಗಳಿಗೆ ಎರಡು ಸಲ ಹೊರಗಾಗತೊಡಗಿದಳು. ಅವಳಿಗೆ ಪ್ರಶ್ನೆ ಕೇಳಲಿಕ್ಕೆ ಅಮ್ಮ ಒಮ್ಮೆ, ಕಾಕು ಒಮ್ಮೆ ತಾವೂ ಹೊರಗಾಗುತ್ತಿದ್ದರು. ಇಬ್ಬರೂ ಒಟ್ಟಿಗೇ ಹೊರಗಾದ ದಿನ ಮನೆಯಲ್ಲಿ ಉಳಿಯುವ ಹೆಂಗಸು ಅಜ್ಜಿಯೊಬ್ಬಳೇ. ಅಜ್ಜಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ, ಕಣ್ಣಿಗೆ ಪೊರೆ. ತಾತನ ದೇವರಿಗೆ ಮಡಿಯ ಅಡಿಗೆಯೇ ಆಗಬೇಕು. ಹಿಂದಿನ ವರ್ಷವಷ್ಟೇ ನನ್ನ ಮುಂಜಿಯಾಗಿತ್ತು, ಮಡಿ ಪಂಚೆ ಉಡುವ ಅಧಿಕಾರ ನನಗಿತ್ತು. ಹೀಗಾಗಿ, ಐದನೇ ತರಗತಿಯ ನಾನು ಮನೆಯ ಅಡಿಗೆಯವನಾದೆ.

ಆ ಕಲಿಕೆಯ ಸುಖವನ್ನು ಹೇಗೆ ಹೇಳಲಿ? ಅಜ್ಜಿಗೆ ಕಣ್ಣು ಕಾಣದಿದ್ದರೂ ಕಿವಿ ಮತ್ತು ಮೂಗು ಇದ್ದವು. ಹೊಸ್ತಿಲ ಬಳಿ ಮಣೆಯ ಮೇಲೆ ಕೂತು ಗೋಡೆಗೆ ಒರಗಿ, ಒಲೆಯ ಕಡೆಗೆ ಕಿವಿ ಕೊಟ್ಟಿರುತ್ತಿದ್ದಳು. "ಭೀಮ್ಯಾ, ಸಾಸಿವಿ ಸುಮ್ಮನಾತು ನೋಡು, ಈಗ ಇಂಗು." "ಬ್ಯಾಳಿ ಗುಳುಗುಳು ಅನ್ನೂದು ಬಿಟ್ಟು ಪುಸಪುಸ ಅನ್ಲಿಕ್ಕತ್ಯದ, ತಳ ಹಿಡೀತದ, ತಿರುವು." ಹುಣಸೆಯ ರಸದ ಹಸಿ ವಾಸನೆ ಹೋಗಿ ಬೆಂದ ವಾಸನೆ ಬರುವ ಗಳಿಗೆಯನ್ನು ಅವಳು ಬೆರಳೆತ್ತಿ ತೋರಿಸುತ್ತಿದ್ದಳು, ಹಾರುವ ಹಕ್ಕಿಯನ್ನು ತೋರಿಸಿದ ಹಾಗೆ. ನನ್ನ ಮೊದಲ ಸಾರು ಎಷ್ಟು ಹುಳಿಯಾಗಿತ್ತೆಂದರೆ ಕಾಕಾ ಒಂದು ಕಣ್ಣು ಮುಚ್ಚಿಕೊಂಡೇ ಊಟ ಮುಗಿಸಿದರು. ತಾತ ಮಾತ್ರ ಕಲಸಿದ ಅನ್ನ ಬಿಡಲಿಲ್ಲ. ಎದ್ದು ಹೋಗುವಾಗ, "ನಮ್ಮ ಹಿತ್ತಲಾಗ ಇರೂದು ನುಗ್ಗಿ ಮರ, ಹುಣಸಿ ಮರ ಅಲ್ಲೋ" ಎಂದರು. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ಅಲುಗಾಡಿದಳು.

ಗುಟ್ಟು ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ, ಅನ್ನ ಬಡಿಸುವಾಗ. ಮಡಿಯಲ್ಲಿದ್ದ ನಾನು ದೂರ ನಿಂತು, ಕೈ ಎತ್ತರಕ್ಕೆ ಹಿಡಿದು, ರುಕ್ಕತ್ತೆಯ ತಟ್ಟೆಗೆ ಗುರಿಯಿಟ್ಟು ಸಾರು ಸುರಿಯುತ್ತಿದ್ದೆ. ಅರ್ಧ ಸಾರು ನೆಲಕ್ಕೆ ಹೋಯಿತು. "ಅಯ್ಯ, ಇವನ ಗುರಿ ನೋಡ್ರಿ" ಎಂದು ನಕ್ಕ ಅತ್ತೆ ಎದ್ದು ಬಂದವಳೇ ನನ್ನ ಮಣಿಕಟ್ಟು ಹಿಡಿದು ಸೌಟನ್ನು ತಟ್ಟೆಯ ತನಕ ಇಳಿಸಿದಳು. ಹೊರಗಿದ್ದವಳು ಮಡಿಯವನನ್ನು ಮುಟ್ಟಿದ್ದಾಳೆ. ಇನ್ನು ದೇವರು, ತಾತ, ಅಡಿಗೆ ಎಲ್ಲ ಕೆಟ್ಟಿತು ಎಂದು ಅಳು ಬಂತು. ಕಾಕು ನನ್ನನ್ನು ಒಳಗೆ ಎಳೆದುಕೊಂಡು, ಬಾಗಿಲಿಗೆ ಗುಂಡು ಒರಗಿಸಿ, ಮೆಲ್ಲಗೆ, "ಅಳಬ್ಯಾಡೋ ಅಡಿಗಿ ಭಟ್ಟ. ಆಕಿ ಹೊರಗಾಗಿಲ್ಲ" ಎಂದಳು. ಅತ್ತೆ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ. ಚಾಪೆಯ ಕೆಳಗಿನಿಂದ ಸಮಾಜದ ಪುಸ್ತಕ ತೆಗೆದು ತೋರಿಸಿದಳು. "ಯಾರಿಗೂ ಹೇಳೂದಿಲ್ಲಲ್ಲ?" ನಾನು ಇಲ್ಲ ಎಂದೆ. "ಹೇಳಿದರ ಯುಗಾದಿಗೆ ರಾಯಚೂರಿಗೆ ನಿನ್ನನ್ನ ಕಳಸ್ತೀವಿ" ಎಂದು ಕಾಕು ಗದರಿಸಿದಳು. ಆ ಮೇಲೆ ಕೋಣೆಯಲ್ಲಿ ನನಗೂ ಒಂದು ಜಾಗವಾಯಿತು. ನನಗಿಂತ ಮೊದಲೇ ಅಜ್ಜಿಗೆ ಎಲ್ಲವೂ ಗೊತ್ತಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಸುಳ್ಳು ಹೊರಗಾದ ದಿನ ಮಾತ್ರ ಅವಳು ಅತ್ತೆಗೆಂದು ಸಾರಿನ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸುತ್ತಿದ್ದಳು. "ತಲಿಗೆ ಬೇಕಾಗ್ತದ" ಎನ್ನುತ್ತಿದ್ದಳು, ಯಾವ ತಲೆ, ಯಾಕೆ ಎಂದು ಹೇಳದೆ.

ಪರೀಕ್ಷೆಗಳು ಬಂದವು. ಎರಡು ವಾರದಷ್ಟು ಉದ್ದದ ಪರೀಕ್ಷೆ, ಬೆಳಿಗ್ಗೆಯ ಹೊತ್ತು. ಹಿತ್ತಲಿಗೆ ಗಲ್ಲಿಯ ಕಡೆ ಒಂದು ಬಾಗಿಲಿತ್ತು, ಹೋಗಿಬರುವುದು ಕಷ್ಟವಲ್ಲ. ಅಷ್ಟು ದಿನ ಒಬ್ಬಳೇ ಹೊರಗಿರುವುದಕ್ಕೆ ಕಾರಣ ಬೇಕಿತ್ತು. ನಾಲ್ಕನೆಯ ದಿನ ಅತ್ತೆ ಒಳಗೆ ಬರದಿದ್ದಾಗ ತಾತ ಅಜ್ಜಿಯ ಮುಖ ನೋಡಿದರು. ಅಜ್ಜಿ, "ಆಕಿಗೆ ಈ ಸಲ ಸರಿ ಇಲ್ಲ" ಎಂದಳು. "ಇನ್ನೂ ಎಷ್ಟು..." ಎಂದು ತಾತ ಶುರುಮಾಡಿದರು. "ನಿಮಗ್ಯಾಕ ಬೇಕು ಆ ಲೆಕ್ಕ?" ತಾತ ಕೆಮ್ಮಿ ದೇವರ ಮನೆಗೆ ಹೋದರು. ಹಿತ್ತಲಿನಿಂದ ಯಾರಾದರೂ ಕರೆದರೆ ಓಗೊಡಲು ಒಬ್ಬರಾದರೂ ಇರಬೇಕೆಂದು ಅಮ್ಮ, ಕಾಕು ಒಬ್ಬರಾದ ಮೇಲೆ ಒಬ್ಬರು ಕೋಣೆ ಕಾಯ್ದರು. ಒಳಗೆ ಉಳಿದವಳಿಗೆ ಮೂವರ ಕೆಲಸ, ಒಲೆ ನನ್ನ ಪಾಲಿಗೇ ಉಳಿಯಿತು. ತೊಂದರೆಯಾದದ್ದು ಹೊಟ್ಟೆಯದು. ತಾತನ ಪೂಜೆ ಮುಗಿಯುವುದು ನಡುಹಗಲಿಗೆ. ನೈವೇದ್ಯವಾಗದೆ ನಮ್ಮ ಮನೆಯಲ್ಲಿ ಒಂದು ಅಗುಳೂ ಯಾರ ತಟ್ಟೆಗೂ ಬೀಳುತ್ತಿರಲಿಲ್ಲ. ಆ ಗಡಿಯಾರ ನಾನು ಹುಟ್ಟುವ ಮೊದಲಿನಿಂದ ಸರಿದದ್ದಿಲ್ಲ. ಅತ್ತೆ ಒಣ ಮಂಡಕ್ಕಿ, ಬೆಲ್ಲ ತಿಂದು ಹೋಗುತ್ತಿದ್ದಳು. ಗಣಿತದ ದಿನ ತಲೆ ತಿರುಗಿ, ಅಕ್ಷರಗಳೆಲ್ಲ ಇರುವೆಯಂತೆ ಹರಿದಾಡಿದವು ಎಂದು ಬಂದು ಅತ್ತಳು. ನಮ್ಮೂರು ತೆಲುಗು ಸೀಮೆಗೆ ಸೇರಿದ್ದು, ಪರೀಕ್ಷೆಯೂ ತೆಲುಗಿನಲ್ಲೇ. ಅಮ್ಮನಿಗೆ ಅವಳು "ವೈನಿ, ಕನ್ನಡದಾಗ ಯೋಚನಿ ಮಾಡಿ ತೆಲುಗಿನಾಗ ಬರೀಬೇಕು, ಅದರಾಗ ಹೊಟ್ಟಿ ಬ್ಯಾರೆ ಮಾತಾಡ್ತದ" ಎಂದದ್ದು ಕಿಟಕಿಯಲ್ಲಿ ನಿಂತ ನನಗೆ ಕೇಳಿತು. ಒಲೆಯ ಮೇಲೆ ಅನ್ನ ಬೆಂದು ಆರುತ್ತಿತ್ತು. ಕೊಡುವ ಹಾಗಿರಲಿಲ್ಲ.

ಅಜ್ಜಿ ತಾತನಿಗೆ ಅಷ್ಟೇ ಹೇಳಿದಳು: "ಹುಡುಗಿಗೆ ತಲಿ ತಿರಗ್ತದಂತ." ಮರುದಿನ ತಾತ ಬಜಾರಿನಿಂದ ದಾಳಿಂಬೆ ತರಿಸಿದರು. ಯಾರ ಕೈಲೂ ಕೊಡಲಿಲ್ಲ. ಮಡಿಯುಟ್ಟು ಪೂಜೆಗೆ ಕೂರುವ ಮೊದಲು, ಹಣ್ಣು ಹಿಡಿದು, ತಾವೇ ಹಿತ್ತಲಿಗೆ ಇಳಿದರು. ಆ ಕಡೆಗೆ ಅವರು ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂದು ಕಾವಲಿದ್ದದ್ದು ಸುಧಾ ಕಾಕು. ಕಾಕುವಿಗೆ ಗಲ್ಲಿಯ ಮೂಲೆಯ ಬಂಡಿಯಲ್ಲಿ ಬೆಳಿಗ್ಗೆ ಸಿಗುವ ಮಂಡಕ್ಕಿ ಒಗ್ಗರಣೆಯ ಉಗ್ಗಾಣಿ, ಮಿರ್ಚಿ ಬಜ್ಜಿಯ ಮೇಲೆ ಪ್ರಾಣ. ಒಳಗಿದ್ದಾಗ ಅಂಥದ್ದನ್ನು ನೆನೆಯುವಂತೆಯೂ ಇಲ್ಲ, ಹೊರಗಿದ್ದಾಗ ಬಿಡುವುದು ಹೇಗೆ? ಎರಡು ನಿಮಿಷ ಎಂದು ಹೋಗಿದ್ದಳು. "ರುಕ್ಕೂ" ಎಂದರು ತಾತ, ದೂರದಿಂದ. "ಸುಧಾ" ಎಂದರು. ಬಾಗಿಲು ಅರ್ಧ ತೆರೆದಿತ್ತು. ನಾನು ಕಿಟಕಿಯ ಸರಳು ಹಿಡಿದು ನಿಂತೆ. ತಾತ ಬಾಗಿಲ ತನಕ ಹೋದರು. ಬಗ್ಗಿ ಒಳಗೆ ನೋಡಿದರು. ಖಾಲಿ ಚಾಪೆ. ನೆಲದಿಂದ ಮಾಡಿನ ತನಕ ಇದ್ದಿಲಿನ ಲೆಕ್ಕಗಳು. ಅವರು ಎಷ್ಟು ಹೊತ್ತು ನಿಂತರೋ ತಿಳಿಯದು, ಗಲ್ಲಿಯಲ್ಲಿ ಪರೀಕ್ಷೆಗೆ ತಡವಾದ ಯಾರೋ ಹುಡುಗರು ಓಡಿದ ಸದ್ದು ಕೇಳಿತು. ತಾತ ಹಣ್ಣುಗಳನ್ನು ಹೊಸ್ತಿಲ ಮೇಲೆ ಒಂದರ ಪಕ್ಕ ಒಂದು ಇಟ್ಟು ಹಿಂದಿರುಗಿದರು.

ಮೈಲಿಗೆಯ ಕೋಣೆಯ ಹೊಸ್ತಿಲು ಮುಟ್ಟಿದವರು ಬಾವಿಯಲ್ಲಿ ಮತ್ತೆ ತಲೆಗೆ ನೀರು ಹಾಕಿಕೊಳ್ಳಬೇಕು. ನಾನು ಬಾವಿಯ ಹಗ್ಗದ ಸದ್ದಿಗೆ ಕಾದೆ. ತಾತ ಬಾವಿಯನ್ನು ದಾಟಿ, ನೇರ ಒಳಗೆ ಬಂದು, ಪೂಜೆಗೆ ಕೂತರು. ಹಾಗೆ ಕೂತದ್ದು ನೋಡಿದಾಗಲೇ ನನಗೆ ಗೊತ್ತಾಯಿತು, ಇವರಿಗೆ ಎಲ್ಲ ಗೊತ್ತಾಯಿತು ಎಂದು. ಅಜ್ಜಿಗೆ ಪಿಸುಗುಟ್ಟಿದೆ. ಅಜ್ಜಿಯ ಕೈ ನನ್ನ ಭುಜ ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಿತು. "ಸ್ನಾನ ಮಾಡಲಿಲ್ಲೇನು? ಖರೇನ?" ಎಂದು ಎರಡು ಸಲ ಕೇಳಿದಳು. ಆ ದಿನವೆಲ್ಲ ಮನೆ ಗುಡುಗಿಗೆ ಕಾದಿತ್ತು. ಕಾಕು ಬಜ್ಜಿ ಮುಟ್ಟಲಿಲ್ಲ. ರುಕ್ಕತ್ತೆ ಹೊಸ್ತಿಲ ಮೇಲಿನ ದಾಳಿಂಬೆಗಳನ್ನು ಎತ್ತಿಕೊಳ್ಳದೆ, ಅವುಗಳ ಎದುರು ಕೂತಿದ್ದಳು. ಗುಡುಗಲಿಲ್ಲ. ಸಂಜೆ ತಾತ ನನ್ನನ್ನು ಕರೆದು, "ಭೀಮ್ಯಾ, ಬಿಸಿಲು ಭಾಳ ಆಗ್ಯದ. ನಾಳಿಂದ ಪೂಜಾ ಜಲ್ದಿ. ಹೊತ್ತು ಏರೂದ್ರಾಗ ನೈವೇದ್ಯ ಆಗಬೇಕು, ನಿನ್ನ ಅಡಿಗಿ ತಯಾರಿರಲಿ" ಎಂದರು.

ಮರುದಿನ ಬೀದಿಯ ಹಾಲಿನ ಈರವ್ವ ಬಾಗಿಲಲ್ಲೇ ನಿಂತುಬಿಟ್ಟಳು. "ಏನವ್ವಾ ಇದು, ಆಚಾರ್ರ ಮನ್ಯಾಗ ಹಾಲು ಬರೂದಕ್ಕ ಮುಂಚೆ ಗಂಟಿ ಬಡಿತೈತಿ" ಎಂದಳು. ಬೆಳಕು ಹರಿಯುವಷ್ಟರಲ್ಲಿ ನೈವೇದ್ಯ ಮುಗಿದಿತ್ತು. ಬಿಸಿ ಅನ್ನ, ಸಾರು, ತುಪ್ಪ ಹೊತ್ತು ನಾನು ಹಿತ್ತಲಿಗೆ ಓಡಿದೆ. ರುಕ್ಕತ್ತೆ ಉಂಡಳು. ಉಣ್ಣುತ್ತಾ ಅಳುತ್ತಿದ್ದಳು, ಅಳುತ್ತಾ ನಗುತ್ತಿದ್ದಳು, ಇನ್ನೊಂದು ಸೌಟು ಸಾರು ಹಾಕು ಎನ್ನುತ್ತಿದ್ದಳು. ಪರೀಕ್ಷೆ ಮುಗಿಯುವ ತನಕ ತಾತ ಹಾಗೇ ನಡೆಸಿದರು. ಆ ಬಗ್ಗೆ ಯಾರೊಡನೆಯೂ ಒಂದು ಮಾತೂ ಆಡಲಿಲ್ಲ, ನಾವೂ ಆಡಲಿಲ್ಲ. ಕೊನೆಯ ಪರೀಕ್ಷೆಯ ಮರುದಿನ ಅತ್ತೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು, ಪೂಜೆ ಮತ್ತೆ ನಡುಹಗಲಿಗೆ ಹೋಯಿತು.

ಯುಗಾದಿ ಕಳೆದು ರಾಯಚೂರಿನವರು ಬಂದರು. ಅತ್ತೆಯ ಗಂಡನ ದೊಡ್ಡಪ್ಪ, ಅವರೊಡನೆ ಇನ್ನೊಬ್ಬರು. ನಾನು ಮಜ್ಜಿಗೆ ಕೊಟ್ಟು ಕಂಬಕ್ಕೆ ಅಂಟಿಕೊಂಡು ನಿಂತೆ. ಅಡಿಗೆಮನೆಯಲ್ಲಿ ಈಳಿಗೆಯ ಮುಂದೆ ಬದನೆಕಾಯಿ ಹಿಡಿದು ಕೂತಿದ್ದ ರುಕ್ಕತ್ತೆಯ ಕೈ ನಿಂತಿತು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ಆದದ್ದು ಆಯಿತು, ಮಗಳನ್ನು ಕಳಿಸಿಕೊಡಿ ಎಂದರು. ತಾತ ತಮ್ಮ ಉಗುರು ನೋಡಿಕೊಂಡರು. ಆಮೇಲೆ ತಮ್ಮ ಜನ್ಮದಲ್ಲಿ ಬಾಯಿಂದ ಆಡದ ಮಾತನ್ನು ಆಡಿದರು.

"ಆಕಿ ಹೊರಗಾಗ್ಯಾಳ. ಈಗ ಕಳಸಲಿಕ್ಕೆ ಬರೂದಿಲ್ಲ."

ಅಡಿಗೆಮನೆಯಲ್ಲಿ ಕಾಕು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬಂದವರು, ಅದಕ್ಕೇನು, ವಾರ ಬಿಟ್ಟು ಬರುತ್ತೇವೆ ಎಂದು ಹೋದರು. ವಾರ ಬಿಟ್ಟು ಬಂದರು. "ಹೊರಗಾಗ್ಯಾಳ" ಎಂದರು ತಾತ.

"ಮತ್ತೇನ್ರೀ ಆಚಾರ್ರ? ಹೋದ ವಾರನೂ ಅದನ್ನ ಹೇಳಿದಿರಿ. ಇದೆಂಥಾ ಹೊರಗಾಗೂದು?"

"ನಿಮಗ್ಯಾಕ ಬೇಕು ಆ ಲೆಕ್ಕ?" ಎಂದರು ತಾತ. ಎದ್ದು ಪಂಚೆ ಕೊಡವಿಕೊಂಡು, "ಮಜ್ಜಿಗಿ ಕುಡೀರಿ, ಬಸ್ಸಿಗೆ ಹೊತ್ತಾತು" ಎಂದರು. ಅವರು ಮತ್ತೆ ಬರಲಿಲ್ಲ. ಅತ್ತ ಅಡಿಗೆಮನೆಯ ಹೊಸ್ತಿಲ ಬಳಿ ಅಜ್ಜಿ ಮಣೆಯ ಮೇಲೆ ಕೂತು, ಹೊಸದಾಗಿ ಮದುವೆಯಾದವಳ ಹಾಗೆ ನಗುತ್ತಿದ್ದಳು.

ರುಕ್ಕತ್ತೆ ಪಾಸಾದಳು. ಹೊಳಗುಂದದ ಕಡೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಕೆಲಸ ಸಿಕ್ಕಿತು. ಇಂದಿಗೂ ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಓಡಾಡುತ್ತಾಳೆ, ಅಲ್ಲಿನ ಹುಡುಗಿಯರು ಆ ಸದ್ದಿಗೇ ಪುಸ್ತಕ ತೆರೆಯುತ್ತಾರಂತೆ. ನಾನು ಓದು ಬಿಟ್ಟ ಸುದ್ದಿ ಕೇಳಿ ಅಷ್ಟು ದೂರದಿಂದ ಬಂದು ನನ್ನ ಕಿವಿ ಹಿಂಡಿದಳು. "ನಾ ಕಳ್ಳತನದಾಗ ಓದಿದೆ, ನೀ ಹಾಡಹಗಲೇ ಬಿಟ್ಟಿ" ಎಂದಳು. "ನಿನ್ನ ಪರೀಕ್ಷಾಕ್ಕ ನಾ ಅನ್ನ ಮಾಡಲಿಲ್ಲೇನು, ಅತ್ತೆ?" ಎಂದೆ. ಕಿವಿ ಬಿಟ್ಟಳು.

ತಾತ ಹೋದರು, ಮೂರು ಮಳೆಗಾಲದ ನಂತರ ಅಜ್ಜಿ ಹೋದಳು. ಸುಧಾ ಕಾಕು ಹೋದದ್ದು ಈಚೆಗೆ. ಅವಳ ಮಾಸಿಕಕ್ಕೆ ನಾನೇ ಅಡಿಗೆ ಮಾಡಿದೆ. ಎಲ್ಲ ಮುಗಿದ ಮೇಲೆ ಗಲ್ಲಿಯ ಬಂಡಿಯಿಂದ ಎರಡು ಮಿರ್ಚಿ ಬಜ್ಜಿ ತಂದು ಕೋಟೆ ಗುಡ್ಡದ ಕಲ್ಲಿನ ಮೇಲೆ ಕೂತು ತಿಂದೆ. ಮನೆ ಪಾಲಾಗಿ, ಮಾರಾಟವಾಗಿ, ಆ ಜಾಗದಲ್ಲಿ ಈಗ ಸೀರೆಯ ಅಂಗಡಿ ಇದೆ. ಕೋಣೆ ಕೆಡವಿದ ದಿನ ಹೋಗಿ ನೋಡಿದ್ದೆ. ಹಾರೆ ಬಿದ್ದ ಕಡೆಯಲ್ಲೆಲ್ಲ ವರ್ಷ ವರ್ಷದ ಸುಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತಿತ್ತು. ಲೆಕ್ಕಗಳು ಯಾವ ಪದರದಲ್ಲಿದ್ದವೋ ಕಾಣಲಿಲ್ಲ. ಗಾಳಿಗೆ ಒಂದಿಷ್ಟು ಅರಳೆ ಬಂದು ಆ ಮಣ್ಣಿನ ಮೇಲೆ ಕೂತಿತು.

ಈಗ ನನ್ನ ಅಡಿಗೆ ಶೆಡ್ಡಿನಲ್ಲಿ ಹೆಂಗಸರೂ ಕೆಲಸ ಮಾಡುತ್ತಾರೆ. ಜೋಳದ ರೊಟ್ಟಿ ಬಡಿಯುವ ಹುಡುಗಿಯೊಬ್ಬಳು ಹೋದ ವಾರ ಬಂದು, ತಲೆ ತಗ್ಗಿಸಿ, "ಅಣ್ಣಾ, ಇವತ್ತು ನಿಂದ್ರಾಕ ಆಗವಲ್ದು" ಎಂದಳು. ಹಿಂದಿನ ಕೋಣೆಗೆ ಹೋಗಿ ಮಲಗವ್ವ, ಕೂಲಿ ಎಲ್ಲಿಗೂ ಹೋಗುವುದಿಲ್ಲ ಎಂದೆ. ಅವಳ ಜೊತೆಯವಳು ರೊಟ್ಟಿ ಬಡಿಯುತ್ತಲೇ ಕೆಣಕಿದಳು: "ಆಚಾರ್ರ, ನಿಮ್ ಮಡಿಗೆ ಏನೂ ಆಗಂಗಿಲ್ಲೇನ್ರಿ?" "ಮಡಿ ನಮ್ಮ ತಾತಂದು, ನಂದು ಅಡಿಗಿ" ಎಂದೆ. ಎಲ್ಲರೂ ನಕ್ಕರು. ತುಪ್ಪ ಕಾದಿತ್ತು, ಇಂಗು ಹಾಕಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಆರು ದೊಡ್ಡ ಒಲೆ, ಹನ್ನೊಂದು ಕೊಪ್ಪರಿಗೆ, ಒಂದು ಟೆಂಪೊ. ಕೆಲಸಕ್ಕೆ ಒಂಬತ್ತು ಜನ ಹೆಂಗಸರು, ನಾಲ್ಕು ಜನ ಗಂಡಸರು. ಹತ್ತನೆಯ ತರಗತಿಗೆ ಬಂದ ಒಬ್ಬ ಮಗಳು. ಅಜ್ಜಿಯ ಮಣೆ ಒಂದು. ಶೆಡ್ಡಿನ ಹಿಂದೆ ಒಂದು ಕೋಣೆ. ಅದರಲ್ಲಿ ಮಂಚ ಒಂದು, ಫ್ಯಾನು ಒಂದು, ಬಾಗಿಲಿಗೆ ಒಳಗಡೆಯಿಂದ ಚಿಲಕ ಒಂದು.